ತಟ್ಟೆಯ ಮೇಲಿನ ಹೆಸರು

ಗ್ರಾಮಫೋನ್ ಕಂಡುಹಿಡಿದವರ, ಮಾರಿದವರ ಕಥೆಯನ್ನು ಪುಸ್ತಕಗಳು ಹೇಳುತ್ತವೆ. ನಮ್ಮ ದೇಶದಲ್ಲಿ ಅದು ಹಾಡುವ ಹೆಂಗಸರ ಕಥೆಯೂ ಹೌದು.

1902ರ ನವೆಂಬರಿನಲ್ಲಿ ಲಂಡನ್ನಿನ ಕಂಪನಿಯೊಂದರ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಹಾಡು ಮುದ್ರಿಸಲು ಕುಳಿತ. ಸಂಭಾವಿತ ಮನೆತನದ ಹೆಣ್ಣುಮಕ್ಕಳು ಹೊರಗಿನವರ ಮುಂದೆ ಹಾಡದ ಕಾಲ. ಹಾಗಾಗಿ ಮುಂದೆ ಬಂದವರು ಕುಲೀನರೆನಿಸಿಕೊಂಡವರು ದೂರವಿಟ್ಟಿದ್ದ ವೃತ್ತಿಗಾಯಕಿಯರು. ಅವರಲ್ಲಿ ಗೌಹರ್ ಜಾನ್ ಬಹಳ ಹೆಸರಾದವರು.

ಆಗ ಮೈಕು ಇರಲಿಲ್ಲ. ದೊಡ್ಡ ಕಹಳೆಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ದನಿಯ ಕಂಪನಕ್ಕೆ ಸೂಜಿ ಮೇಣದ ಮೇಲೆ ಗೀರು ಎಳೆಯುತ್ತಿತ್ತು. ಗಂಟೆಗಟ್ಟಲೆ ಹಾಡಬಲ್ಲ ರಾಗವನ್ನು ಸುಮಾರು ಮೂರು ನಿಮಿಷದಲ್ಲಿ ಮುಗಿಸಬೇಕು. ಗೌಹರ್ ಜಾನ್ ಅದನ್ನು ಅಚ್ಚುಕಟ್ಟಾಗಿ ಮಾಡಿದರು. ಇದ್ದ ಸಾಮಾನಿನಲ್ಲೇ ಹತ್ತು ಜನಕ್ಕೆ ಅಡುಗೆ ತೂಗಿಸುವ ನಮಗೆ ಆ ಜಾಣ್ಮೆಯನ್ನು ವಿವರಿಸಬೇಕಿಲ್ಲ.

ಹಾಡಿನ ಕೊನೆಗೆ ಆಕೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾರ ಹಾಡೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ತರಗತಿಯ ಹಾಜರಿಯಂತೆಯೇ ಇದು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಬಂತು. ಆದರೆ ಕಾರ್ಖಾನೆಗೆಂದು ಹೇಳಿದ ಆ ಹೆಸರು ಇಂದಿಗೂ ಹಳೆಯ ತಟ್ಟೆಗಳಲ್ಲಿ ಕೇಳುತ್ತದೆ.

ತಟ್ಟೆ ಮಾಡಿದ ದೊಡ್ಡ ಕೆಲಸ ಇನ್ನೊಂದು. ಯಾವ ಗಾಯಕಿಯನ್ನು ಹೊಸ್ತಿಲೊಳಗೆ ಕರೆಯುತ್ತಿರಲಿಲ್ಲವೋ ಅವರ ದನಿ ನಡುಮನೆಗೇ ಬಂತು. ಕಛೇರಿಗೆ ಹೋಗಲಾಗದ ಹೆಂಗಸರು ಒಳಗಿನಿಂದಲೇ ಕೇಳಿದರು. ದನಿಗೆ ಸಿಕ್ಕ ಮರ್ಯಾದೆ ಹಾಡಿದವರಿಗೆ ಸಿಕ್ಕಿತೇ? ಅದು ಬೇರೆ ಮಾತು.

ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು. ಐದು ವರ್ಷದ ಮೇಲೆ, 1935ರಲ್ಲಿ, ಅದೇ ಊರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿ ಆರಂಭಿಸಿದರು. ಕೀಲಿ ಕೊಡುವ ಪೆಟ್ಟಿಗೆಯ ಜಾಗಕ್ಕೆ ನಿಧಾನವಾಗಿ ರೇಡಿಯೊ ಬಂತು.

ಅದೇ ಮೂವತ್ತರ ದಶಕದಲ್ಲಿ ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನ ತಟ್ಟೆಗಳು ಹೊರಬಂದವು. ಗಾಯಕಿಯ ಹೆಸರಿನ ಜೊತೆ ಇದ್ದದ್ದು ಊರಿನ ಹೆಸರು. 1913ರಲ್ಲಿ ಹುಟ್ಟಿದ ಆಕೆ, ಜಾತಿಯ ಚುಚ್ಚುಮಾತುಗಳನ್ನು ನುಂಗಿಕೊಂಡೇ ಬೆಳೆದು, ಗಂಗೂಬಾಯಿ ಹಾನಗಲ್ ಆದರು, 2002ರಲ್ಲಿ ಪದ್ಮವಿಭೂಷಣರಾದರು.

ಎಲ್ಲರಿಗೂ ಆ ಭಾಗ್ಯ ಬರಲಿಲ್ಲ. ನಿಮ್ಮ ಅಟ್ಟದ ಮೇಲೆ ಹಳೆಯ ತಟ್ಟೆಗಳಿದ್ದರೆ ಗುಜರಿಗೆ ಹಾಕುವ ಮುನ್ನ, ನಡುವಿನ ಚೀಟಿಯ ಧೂಳು ಒರೆಸಿ ಹೆಸರು ಓದಿ. ಅವರ ಬಗ್ಗೆ ಬೇರೆಲ್ಲೂ ಬರೆದಿಟ್ಟಿರಲಾರರು.