ಹಾಸಿಗೆಯಿಂದ ಹಲಸೂರು ಕೆರೆಗೆ

ವಿಜಯನಗರದ ನಮ್ಮ ಮನೆಯಿಂದ ನೀರಿನ ಟ್ಯಾಂಕಿನವರೆಗೆ ಸಂಜೆ ಹೊತ್ತು ನಡೆದು ಬರುವುದು ನನಗೆ ಹಳೆಯ ಅಭ್ಯಾಸ. ಒಂದೂವರೆ ವರ್ಷದಿಂದ ಅದು ತಪ್ಪಿಹೋಗಿದೆ. ನಡೆಯಲಾಗದೆಂದಲ್ಲ, ನಡೆದರೆ ಮರುದಿನ ಏಳುವುದು ಕಷ್ಟ. ಎರಡು ತರಗತಿಗಳನ್ನು ಬೆನ್ನುಬೆನ್ನಿಗೆ ತೆಗೆದುಕೊಂಡ ದಿನ ರಾತ್ರಿಯಿಡೀ ನಿದ್ರಿಸಿ ಎದ್ದರೂ ನಿದ್ರಿಸಿದಂತಿರುವುದಿಲ್ಲ. ಹಳಗನ್ನಡದ ಒಂದು ಸಮಾಸವನ್ನು ಬಿಡಿಸಿ ಹೇಳಲು ಹೊರಟು ನಡುವೆ ತಡವರಿಸಿ ನಿಂತದ್ದೂ ಉಂಟು. ರಕ್ತಪರೀಕ್ಷೆ, ಥೈರಾಯ್ಡ್, ಸಕ್ಕರೆ ಎಲ್ಲವೂ ಸರಿಯಾಗಿವೆಯಂತೆ. ದೀರ್ಘಕಾಲದ ಆಯಾಸದ ರೋಗವಿರಬಹುದೆಂದು ವೈದ್ಯರ ಅನುಮಾನ. ಹೌದೆಂದು ಖಚಿತವಾಗಿ ಹೇಳುವ ಪರೀಕ್ಷೆಯೊಂದು ಇನ್ನೂ ಬಂದಿಲ್ಲ. ಸಹೋದ್ಯೋಗಿಗಳ ರೋಗನಿದಾನ ಮಾತ್ರ ಬೇಗ ಮುಗಿಯಿತು: “ಮೇಷ್ಟ್ರಿಗೆ ಸೋಮಾರಿತನ ಹತ್ತಿದೆ.”

ಈ ರೋಗಕ್ಕೆ ಮೀಸಲಾದ ದಿನ ಮೇ 12. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನವೆಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ನಾವು ಶಾಲೆಯಲ್ಲಿ ಓದಿದ ಪಾಠದಲ್ಲಿ ಆಕೆ ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ಸುಳಿದಾಡುವ ದೇವತೆ. ಪಾಠ ಕ್ರಿಮಿಯಾ ಯುದ್ಧದೊಡನೆ 1856ರಲ್ಲಿ ಮುಗಿದುಹೋಗುತ್ತಿತ್ತು. ಆಕೆ ತೀರಿಕೊಂಡದ್ದು 1910ರಲ್ಲಿ. ನಡುವಣ ಐವತ್ತನಾಲ್ಕು ವರ್ಷ ಏನು ಮಾಡುತ್ತಿದ್ದರೆಂದು ನಮ್ಮ ಮೇಷ್ಟ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ.

1855ರಲ್ಲಿ ಆಕೆ ಯುದ್ಧಭೂಮಿಯಲ್ಲಿ ಕಠಿಣ ಜ್ವರಕ್ಕೆ ತುತ್ತಾದರು. ಊರಿಗೆ ಮರಳಿದ ಮರುವರ್ಷ, 1857ರ ಆಗಸ್ಟಿನಲ್ಲಿ, ಮೂವತ್ತೇಳನೆಯ ವಯಸ್ಸಿಗೆ ಕುಸಿದುಬಿದ್ದರು. ಮುಂದೆ ಹಲವು ವರ್ಷ ಹಾಸಿಗೆ, ಇಲ್ಲವೇ ಸೋಫಾ. ನಡೆಯಲಾರದೆ, ಬೇರೆಯವರು ಎತ್ತಿಕೊಂಡು ಹೋಗಬೇಕಾದ ಕಾಲವೂ ಇತ್ತು. ನರಗಳ ದೋಷವೆಂದವರಿದ್ದರು, ಜನರನ್ನು ದೂರವಿಡಲು ಹೂಡಿದ ಉಪಾಯವೆಂದು ಬರೆದವರೂ ಇದ್ದಾರೆ. 1995ರಲ್ಲಿ ಡೇವಿಡ್ ಯಂಗ್ ಎಂಬ ವಿದ್ವಾಂಸರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ, ಅದು ಹಸಿ ಹಾಲು ಮೊದಲಾದವುಗಳಿಂದ ಹರಡುವ ಬ್ರುಸೆಲ್ಲೋಸಿಸ್ ದೀರ್ಘವಾಗಿ ಉಳಿದದ್ದಿರಬೇಕೆಂದು ವಾದಿಸಿದರು. ತೀರಿಹೋದವರ ನಾಡಿ ಹಿಡಿದು ನೋಡುವ ಈ ಕೆಲಸದಲ್ಲಿ ಕೊನೆಯ ಮಾತು ಯಾರದೂ ಅಲ್ಲ. ಆಕೆಗಿದ್ದದ್ದು ನನಗಿರುವುದೇ ಎಂದು ಹೇಳಿಕೊಳ್ಳುವ ಆಸೆಯನ್ನು ನಾನೂ ಅದುಮಿಟ್ಟುಕೊಳ್ಳಬೇಕು.

ಆ ಹಾಸಿಗೆಯ ಮೇಲೆ ಆಕೆ ಮಾಡಿದ ಕೆಲಸ ನಮ್ಮ ನಾಡಿಗೂ ಸಂಬಂಧಿಸಿದ್ದು. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯವನ್ನು ವಿಚಾರಿಸಲು 1859ರಲ್ಲಿ ಒಂದು ರಾಜ ಆಯೋಗ ನೇಮಕವಾಯಿತು. ಇಲ್ಲಿನ ಸೈನಿಕರು ವರ್ಷಕ್ಕೆ ಸಾವಿರಕ್ಕೆ 69ರಂತೆ ಸಾಯುತ್ತಿದ್ದರು. ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬಂದವರಲ್ಲ. ಸೈನ್ಯದ ಠಾಣ್ಯಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳನ್ನು ಡಾಕ್ಟರ್ ಸದರ್‌ಲ್ಯಾಂಡ್ ಮತ್ತು ಅಂಕಿಅಂಶತಜ್ಞ ವಿಲಿಯಂ ಫಾರ್ ಅವರ ನೆರವಿನಿಂದ ಜಾಲಾಡಿದರು. ಉತ್ತರ ಬರೆದ ಠಾಣ್ಯಗಳಲ್ಲಿ ಬೆಂಗಳೂರು ದಂಡೂ ಒಂದು. ಜನ ಕುಡಿಯುವ ಹಲಸೂರು ಕೆರೆಗೆ ಬಜಾರಿನ ಕೊಳಚೆ ಹರಿದು ಸೇರುತ್ತದೆಂಬ ಸಂಗತಿ ಲಂಡನ್ನಿನ ಆ ಕೋಣೆಗೆ ತಲುಪಿ, 1863ರಲ್ಲಿ ಅಚ್ಚಾದ ಆಕೆಯ ಅಭಿಪ್ರಾಯ ಪತ್ರದಲ್ಲಿ ಸೇರಿತು. ಹಲಸೂರಿನ ದಡದಲ್ಲಿ ನಿಂತವರಿಗೆ ಕಾಣದ್ದು ಮಂಚದಿಂದ ಇಳಿಯಲಾರದ ಹೆಂಗಸಿಗೆ ಕಂಡಿತು.

ಇದನ್ನೆಲ್ಲ ಹೇಗೆ ಸಾಧಿಸಿದರು? ತಮಗಿದ್ದ ಅಲ್ಪ ತ್ರಾಣವನ್ನು ಜಿಪುಣ ಶೆಟ್ಟರು ಹಣ ಎಣಿಸುವಂತೆ ಎಣಿಸಿ ಖರ್ಚು ಮಾಡಿದರು. ಭೇಟಿಗೆ ಒಂದು ಸಲಕ್ಕೆ ಒಬ್ಬರು, ಅದೂ ಮೊದಲೇ ಗೊತ್ತು ಮಾಡಿಕೊಂಡಿದ್ದರೆ. ಸಭೆ ಸಮಾರಂಭಗಳಿಲ್ಲ. ತಾಯಿಗೂ ಅಕ್ಕನಿಗೂ ಎಷ್ಟೋ ಸಲ ಬಾಗಿಲು ತೆರೆಯಲಿಲ್ಲ. ಮಂತ್ರಿಗಳೇ ಆಕೆಯ ಮನೆಗೆ ಬರುತ್ತಿದ್ದರು. ತಂದೆ ಕೊಡುತ್ತಿದ್ದ ವಾರ್ಷಿಕ ಹಣವಿತ್ತು, ಆಳುಕಾಳಿದ್ದರು ಎಂಬುದನ್ನೂ ಹೇಳಬೇಕು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಬೇಕಾದವನಿಗೆ ಈ ಉಪಾಯ ಅರ್ಧಕ್ಕಿಂತ ಹೆಚ್ಚು ದಕ್ಕುವುದಿಲ್ಲ. ಪ್ರಾಂಶುಪಾಲರು ನಮ್ಮ ಮಂಚದ ಬಳಿಗೆ ಬರುವರೇ?

ಆಕೆಯ ಚರಿತ್ರೆಯಲ್ಲಿ ನನ್ನನ್ನು ಬಹುವಾಗಿ ಕಾಡುವುದು ಇನ್ನೊಬ್ಬರ ಕಥೆ. ಆ ಆಯೋಗದ ಮೊದಲ ಅಧ್ಯಕ್ಷ ಸಿಡ್ನಿ ಹರ್ಬರ್ಟ್, ಆಕೆಯ ಆಪ್ತ ಮಿತ್ರ, ಯುದ್ಧಖಾತೆಯ ಮಂತ್ರಿ. ಆತನಿಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತು. ಕೆಲಸ ಇನ್ನು ಆಗದೆಂದು ಆತ ತಿಳಿಸಿದಾಗ ನೈಟಿಂಗೇಲ್ ಮರುಗಲಿಲ್ಲ. ಸುಧಾರಣೆ ಅರ್ಧಕ್ಕೇ ನಿಂತಿತಲ್ಲಾ ಎಂದು ನಿಷ್ಠುರವಾಗಿ ಆಕ್ಷೇಪಿಸಿದರು. 1861ರ ಆಗಸ್ಟ್ 2ರಂದು ಆತ ತೀರಿಕೊಂಡ, ಐವತ್ತು ವರ್ಷ. ಬಳಿಕ ಆಕೆ ಪಟ್ಟ ದುಃಖಕ್ಕೆ ಪಾರವಿರಲಿಲ್ಲ. ನಾಲ್ಕು ವರ್ಷ ಸ್ವತಃ ಹಾಸಿಗೆ ಹಿಡಿದಿದ್ದವರಿಗೆ ಎದುರಿನವನ ಬಳಲಿಕೆ ಕಾಣಲಿಲ್ಲವೆಂದರೆ ಏನೆನ್ನೋಣ!

ಬೆಂಗಳೂರಿಗೆ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದದ್ದು 1890ರ ದಶಕದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. 1883ರಿಂದ ಅವರು ದಿವಾನಗಿರಿಯ ಹೊರೆ ಹೊತ್ತವರು. ಮಾರಿಕಣಿವೆ, ಶಿವನಸಮುದ್ರ, ಪ್ಲೇಗು ಎಲ್ಲವೂ ಅವರ ಮೇಜಿನ ಮೇಲೆಯೇ. 1900ರ ಆಗಸ್ಟಿನಲ್ಲಿ ದೇಹಾಲಸ್ಯದಿಂದ ರಜೆಯ ಮೇಲೆ ಹೋದರು, ಟಿ. ಆರ್. ಎ. ತಂಬುಚೆಟ್ಟಿಯವರು ಹಂಗಾಮಿಯಾಗಿ ಕೆಲಸ ನೋಡಿಕೊಂಡರು. ಮರುವರ್ಷ ಮಾರ್ಚಿಯಲ್ಲಿ ನಿವೃತ್ತಿ, ಸೆಪ್ಟೆಂಬರ್ 13ರಂದು ಮರಣ. ಅವರು ಎಂದು ದಣಿಯತೊಡಗಿದರೆಂದು ಯಾವ ಆಡಳಿತ ವರದಿಯಲ್ಲಿ ಹುಡುಕುವುದು? ಅಣೆಕಟ್ಟಿನ ಎತ್ತರಕ್ಕೆ ಅಲ್ಲಿ ಕಾಲಂ ಇರುತ್ತದೆ.

ಬಳಲಿಕೆಗೆ ಹೆಸರುಗಳು ಮಾತ್ರ ಬದಲಾಗುತ್ತ ಬಂದಿವೆ. 1869ರಲ್ಲಿ ಅಮೆರಿಕದ ಜಾರ್ಜ್ ಬಿಯರ್ಡ್ ನರದೌರ್ಬಲ್ಯವೆಂದ. ಆ ಮಾತು ಟಾನಿಕ್ಕಿನ ಜಾಹೀರಾತುಗಳಿಗೆ ಚೆನ್ನಾಗಿ ಒದಗಿತು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ನರ್ಸುಗಳೂ ವೈದ್ಯರೂ ಸೇರಿ ಸುಮಾರು ಮುನ್ನೂರು ಮಂದಿ ಮಲಗಿದರು. 1970ರಲ್ಲಿ ಇಬ್ಬರು ಮನೋವೈದ್ಯರು ಅದನ್ನು ಉನ್ಮಾದವೆಂದರು. ಇಂದಿನ ಹೆಸರು 1988ರದು. ವ್ಯಾಯಾಮವನ್ನು ಕ್ರಮವಾಗಿ ಹೆಚ್ಚಿಸಿದರೆ ಗುಣವಾಗುತ್ತದೆಂಬ ಸಲಹೆಯನ್ನು ಇಂಗ್ಲೆಂಡಿನ ಆರೋಗ್ಯ ಸಂಸ್ಥೆ ಕೈಬಿಟ್ಟದ್ದು 2021ರಲ್ಲಿ. ತ್ರಾಣವಿದ್ದಷ್ಟೇ ಕೆಲಸ, ತ್ರಾಣ ತೀರುವ ಮೊದಲೇ ವಿಶ್ರಾಂತಿ ಎಂಬುದು ಈಗಿನ ಬುದ್ಧಿವಾದ.

ಹರ್ಬರ್ಟನ ವಿಷಯ ಓದಿದ ರಾತ್ರಿ ನನಗೆ ಹಿಂದಿನ ಬೆಂಚಿನ ಒಬ್ಬ ಹುಡುಗನ ನೆನಪಾಯಿತು. ಮೂರು ವರ್ಷದ ಹಿಂದೆ, ತರಗತಿಯಲ್ಲಿ ಮೇಜಿಗೆ ತಲೆಯಾನಿಸಿದ್ದಕ್ಕೆ ಅವನನ್ನು ಎಬ್ಬಿಸಿ ನಿಲ್ಲಿಸಿ, ಎಲ್ಲರೂ ನಗುವಂತೆ ಒಂದು ಮಾತು ಆಡಿದ್ದೆ. “ಸುಸ್ತು ಸಾರ್” ಎಂದಿದ್ದ. ಏಕೆಂದು ನಾನು ಕೇಳಿರಲಿಲ್ಲ.

ಕಳೆದ ಸೋಮವಾರ ವೇದಿಕೆಯ ಮೇಲೆ ಒಂದು ಕುರ್ಚಿ ಹಾಕಿಸಿಕೊಂಡು, ಕುಳಿತೇ ಪಾಠ ಮಾಡಿದೆ.