ಅಟ್ಟದ ಕಾಯಿ ಮತ್ತು ಆರ್. ನರಸಿಂಹನ್

ಬಿಳಿಗೆರೆಯ ನಮ್ಮ ಮನೆಯ ಅಟ್ಟದಲ್ಲಿ ತೆಂಗಿನಕಾಯಿ ಹೆಚ್ಚುಕಡಿಮೆ ಒಂದು ವರ್ಷ ಕೂತಿರುತ್ತದೆ. ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂಬುದನ್ನು ಅಜ್ಜಿ ಕಾಯಿ ಅಲ್ಲಾಡಿಸಿಯೇ ಹೇಳುತ್ತಾಳೆ. ಓದು ಬರಹ ಬಾರದವಳು. ಹೇಗೆ ಗೊತ್ತಾಯಿತು ಎಂದರೆ "ನಿಂಗೆ ಕೇಳಲ್ವಾ?" ಅನ್ನುತ್ತಾಳೆ. ಭಾರತದ ಕಂಪ್ಯೂಟರ್ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಆರ್. ನರಸಿಂಹನ್ ಅವರನ್ನು ಓದುವಾಗಲೆಲ್ಲ ಈ ಮಾತು ನೆನಪಾಗುತ್ತದೆ.

1926ರಲ್ಲಿ ಮದರಾಸಿನಲ್ಲಿ ಹುಟ್ಟಿದ ನರಸಿಂಹನ್, ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಗಣಿತದ ಡಾಕ್ಟರೇಟ್ ಮುಗಿಸಿ 1954ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಅಲ್ಲಿ ಅವರ ತಂಡ ಕಟ್ಟಿದ ಕಂಪ್ಯೂಟರ್ 1960ರಲ್ಲಿ ಕೆಲಸ ಶುರುಮಾಡಿತು. 1962ರಲ್ಲಿ ನೆಹರೂ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಅದರ ಮೆಮೊರಿ 2,048 ಪದಗಳದ್ದು. ಇವತ್ತಿನ ಸ್ಮಾರ್ಟ್ ವಾಚಿಗೂ ಸಾಲದು. ನರಸಿಂಹನ್ ಅವರ ಕಥೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ತಕರಾರು ಅದೇ.

1961ರಿಂದ ಮೂರು ವರ್ಷ ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದರು. ಪರಮಾಣುವಿಗಿಂತ ಸಣ್ಣ ಕಣಗಳು ಹಾದುಹೋದ ಜಾಡಿನ ರಾಶಿ ರಾಶಿ ಫೋಟೋಗಳನ್ನು ಯಂತ್ರದಿಂದಲೇ ಓದಿಸಬೇಕಿತ್ತು. ಚಿತ್ರವನ್ನು ಇದು ಇಂಥದ್ದು ಎಂದು ವಿಂಗಡಿಸಿದರೆ ಸಾಲದು, ವಿವರಿಸಲೂ ಬರಬೇಕು ಎಂದರು ನರಸಿಂಹನ್. ವಾಕ್ಯಕ್ಕಿರುವಂತೆ ಚಿತ್ರಕ್ಕೂ ವ್ಯಾಕರಣವಿದೆ: ಗೆರೆ, ತುದಿ, ಗೆರೆಗಳು ಕೂಡುವ ಜಾಗ.

ಮನುಷ್ಯರ ಭಾಷೆಯತ್ತ ತಿರುಗಿದಾಗ ಮಾತ್ರ ವ್ಯಾಕರಣವೊಂದೇ ಅವರಿಗೆ ಸಾಕೆನಿಸಲಿಲ್ಲ. ಚಾಮ್‌ಸ್ಕಿಯ ಪ್ರಭಾವ ಜೋರಾಗಿದ್ದ ಕಾಲದಲ್ಲಿ ಅವರು ಭಾಷೆಯನ್ನು ನಡವಳಿಕೆಯಾಗಿ ನೋಡಹೊರಟರು. ಆರ್. ವೈದ್ಯನಾಥನ್ ಜೊತೆಗೂಡಿ, ತಮಿಳು ತಾಯಿ ಮತ್ತು ಮಗುವಿನ ಮಾತುಕತೆಯನ್ನು ಟೇಪಿನಿಂದ ಬರಹಕ್ಕಿಳಿಸಿ ಅಧ್ಯಯನ ಮಾಡಿದರು. ತಾಯಿ ತೋರಿಸುತ್ತಾಳೆ, ಕೇಳುತ್ತಾಳೆ, ತಿದ್ದುತ್ತಾಳೆ. ಮಗು ಏನಾದರೂ ಮಾಡುತ್ತಲೇ ಮಾತು ಕಲಿಯುತ್ತದೆ. ದೇಶದ ಮೊದಲ ಕಂಪ್ಯೂಟರುಗಳಲ್ಲೊಂದನ್ನು ಕಟ್ಟಿಸಿದವರು ತೊದಲು ಮಾತಿಗೆ ಕಿವಿಗೊಟ್ಟು ಕೂತದ್ದು ಇಳಿಗಾಲದ ಹವ್ಯಾಸವಲ್ಲ, ಅದೇ ಅವರ ಮುಖ್ಯ ಕೆಲಸ ಎಂದು ನನ್ನ ಪ್ರಬಂಧದಲ್ಲಿ ವಾದಿಸುತ್ತಿದ್ದೇನೆ. ಈಗಿನ ಭಾಷಾ ಮಾದರಿಗಳು ಬರೆದಿಟ್ಟ ಪಠ್ಯದ ರಾಶಿಯಿಂದ ಕಲಿಯುತ್ತವೆ. ನರಸಿಂಹನ್ ಹಿಡಿದದ್ದು ಬೇರೆಯೇ ದಾರಿ.

ಆಮೇಲೆ ಅವರು ಸಾಕ್ಷರತೆಯ ಪ್ರಶ್ನೆಗೆ ಬಂದರು. ಬರವಣಿಗೆಯಿಲ್ಲದೆಯೂ ಸೂಕ್ಷ್ಮ ವಿಶ್ಲೇಷಣೆ ಸಾಧ್ಯವೇ? ಅವರು ಮುಂದಿಟ್ಟ ಉದಾಹರಣೆ ವೇದಪಾಠದ ಮೌಖಿಕ ಪರಂಪರೆ. ನನಗಾದರೋ ಅಟ್ಟವೇ ಹತ್ತಿರ. ಕೃತಕ ಬುದ್ಧಿಮತ್ತೆಯ ಬಗೆಗಿನ ಅವರ ಪುಸ್ತಕ 2004ರಲ್ಲಿ ಬಂತು. 2007ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.

ಈ ವರ್ಷ ಅಜ್ಜಿಗೆ ಕಿವಿ ಮಂದವಾಗಿದೆ. ಕಾಯನ್ನು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿ, "ಏನಂತದೆ?" ಎಂದು ಕೇಳುತ್ತಾಳೆ.