ಎರಡು ಮಿಲಿಮೀಟರಿನ ಲೆಕ್ಕ: ಹಳೆಯ ರಿಪೀಟರಿಗೆ ಹೊಸ ಶ್ರುತಿ

ಅಮೆರಿಕದಲ್ಲಿ 150ರಿಂದ 174 ಮೆಗಾಹರ್ಟ್ಸ್‌ವರೆಗಿನ ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ರೇಡಿಯೊಗಳೆಲ್ಲ 2013ರ ಜನವರಿ 1ರೊಳಗೆ 25 ಕಿಲೋಹರ್ಟ್ಸ್‌ನ ಚಾನೆಲ್ ಬಿಟ್ಟು 12.5ಕ್ಕೆ ಇಳಿಯಬೇಕೆಂದು ಅಲ್ಲಿನ ಸಂವಹನ ನಿಯಂತ್ರಕ ಸಂಸ್ಥೆ ಎಫ್‌ಸಿಸಿ ಗಡುವು ಹಾಕಿತ್ತು. ಹೀಗೆ ಇಳಿಯಲಾಗದೆ ಮೂಲೆ ಸೇರುವ ಪೆಟ್ಟಿಗೆಗಳಿಗೆ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರು, ಎಂದಿನಿಂದಲೂ ಗಿರಾಕಿಗಳು. ಅವರ ಅಚ್ಚುಮೆಚ್ಚಿನ ಪೆಟ್ಟಿಗೆಗಳಲ್ಲೊಂದು ಜನರಲ್ ಎಲೆಕ್ಟ್ರಿಕ್‌ನ 1970ರ ದಶಕದ ‘ಮಾಸ್ಟರ್ 2’ ರಿಪೀಟರ್: ಒಂದು ಆವರ್ತನದಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಮರುಪ್ರಸಾರ ಮಾಡುವ ಯಂತ್ರ.

ಇದನ್ನು ಹ್ಯಾಮ್ ಬ್ಯಾಂಡಿಗೆ ತರಲು ಆವರ್ತನ ಹುಟ್ಟಿಸುವ ಕ್ರಿಸ್ಟಲ್ ಬದಲಿಸಿದರೆ ಕೆಲಸ ಮುಗಿಯಿತು ಎಂದು ಹೊಸಬರು ನಂಬುತ್ತಾರೆ. ನಿಜಕ್ಕೂ ಅದು ಎಲ್ಲಕ್ಕಿಂತ ಸುಲಭದ ಭಾಗ.

ಮಾಸ್ಟರ್ 2ರ ವಿಎಚ್‌ಎಫ್ ಟ್ರಾನ್ಸ್‌ಮಿಟರ್ ಕ್ರಿಸ್ಟಲ್‌ನ ಆವರ್ತನವನ್ನು 12ರಿಂದ ಗುಣಿಸುತ್ತದೆ. ಆಂಬುಲೆನ್ಸ್–ಆಸ್ಪತ್ರೆ ಸಂಪರ್ಕದ 155.340 ಮೆಗಾಹರ್ಟ್ಸ್‌ಗೆ 12.945ರ ಕ್ರಿಸ್ಟಲ್ ಬೇಕು, ಹ್ಯಾಮ್‌ಗಳ 146.940ಕ್ಕೆ 12.245. (ಭಾರತದ ಹ್ಯಾಮ್‌ಗಳಿಗೆ ಈ ಬ್ಯಾಂಡ್ 144ರಿಂದ 146ರವರೆಗೆ ಮಾತ್ರ, ಹಾಗಾಗಿ ಈ ಅಂಕಿ ಇಲ್ಲಿ ನಡೆಯದು.) ಗುಣಿಸುವಾಗ ತಪ್ಪೂ ಜೊತೆಗೇ ಹಿಗ್ಗುತ್ತದೆ: ಕ್ರಿಸ್ಟಲ್ 100 ಹರ್ಟ್ಸ್ ಜಾರಿದರೆ ಆಂಟೆನಾದಲ್ಲಿ 1200. ದನಿಯಿಂದಾಗುವ ಆವರ್ತನದ ಏರಿಳಿತಕ್ಕೂ, ಅಂದರೆ ಡೀವಿಯೇಷನ್ನಿಗೂ, ಇದೇ ನಿಯಮ. ಹೊರಗೆ 5 ಕಿಲೋಹರ್ಟ್ಸ್ ಬೇಕಿದ್ದರೆ ಒಳಗೆ ಸುಮಾರು 417 ಹರ್ಟ್ಸ್ ಸಾಕು. ಎಡ್ವಿನ್ ಆರ್ಮ್‌ಸ್ಟ್ರಾಂಗ್ 1930ರ ದಶಕದಲ್ಲಿ ಎಫ್‌ಎಂ ಕಟ್ಟಿದ್ದೂ ಇದೇ ಉಪಾಯದ ಮೇಲೆ.

ನಡುವಿನ ಹಂತಗಳು ಶ್ರುತಿ ತಪ್ಪಿದ್ದರೆ ಬೇಡದ ಗುಣಕಗಳು ಸೋಸದೆ ಉಳಿಯುತ್ತವೆ. 12.245ನ್ನು 13ರಿಂದ ಗುಣಿಸಿದರೆ 159.185: ಪೆಟ್ಟಿಗೆ ಬಿಟ್ಟುಬಂದ ಬ್ಯಾಂಡಿನೊಳಕ್ಕೇ! ವಾಟ್‌ಮೀಟರ್ ಅಸಲನ್ನೂ ಕಸವನ್ನೂ ಕೂಡಿಸಿ ತೋರಿಸುತ್ತದೆ. ಮುಳ್ಳು ಮೇಲೇರಿತೆಂದು ಬೀಗುವ ಮುನ್ನ ಸ್ಪೆಕ್ಟ್ರಮ್ ಅನಲೈಸರ್ ನೋಡುವುದು ಒಳ್ಳೆಯದು.

ಕಷ್ಟವೆಲ್ಲ ಇರುವುದು ಡ್ಯುಪ್ಲೆಕ್ಸರ್‌ನಲ್ಲಿ, ಅಂದರೆ ಒಂದೇ ಆಂಟೆನಾವನ್ನು ಟ್ರಾನ್ಸ್‌ಮಿಟರ್, ರಿಸೀವರ್ ಎರಡಕ್ಕೂ ಹಂಚುವ ಫಿಲ್ಟರ್‌ಗಳ ಜೋಡಣೆಯಲ್ಲಿ. ಒಂದೇ ಆಂಟೆನಾದಲ್ಲಿ ರಿಪೀಟರ್ 146.340ರಲ್ಲಿ ಕೇಳಿಸಿಕೊಳ್ಳುತ್ತಲೇ 146.940ರಲ್ಲಿ ಮಾತಾಡಬೇಕು. 100 ವಾಟ್ ಹೊರಹೋಗುತ್ತಿರುವಾಗಲೇ 0.25 ಮೈಕ್ರೊವೋಲ್ಟ್‌ನ ಸಂಕೇತ ಒಳಗೆ ಕೇಳಿಸಬೇಕು. 50 ಓಮ್ ಹಿಡಿದರೆ ಇವೆರಡರ ಅಂತರ ಸುಮಾರು 169 ಡೆಸಿಬೆಲ್. ಕ್ಯಾರಿಯರ್ರಿನ ಹೊಡೆತವನ್ನು ರಿಸೀವರಿನ ಫಿಲ್ಟರ್‌ಗಳು ಸ್ವಲ್ಪ ತಡೆದುಕೊಂಡಾವು. ಆದರೆ ಟ್ರಾನ್ಸ್‌ಮಿಟರಿನ ಗದ್ದಲ 146.340ರಲ್ಲೂ ಹರಡಿರುತ್ತದೆ, ಅದು ರಿಸೀವರಿನದೇ ಆವರ್ತನ. ಅಲ್ಲಿ ಸೋಸಲು ಹೋದರೆ ಬೇಕಾದ ಸಂಕೇತವೂ ಹೋಗುತ್ತದೆ. ಗದ್ದಲವನ್ನು ಹುಟ್ಟಿದ ಕಡೆಯೇ, ಡ್ಯುಪ್ಲೆಕ್ಸರಿನ ಟ್ರಾನ್ಸ್‌ಮಿಟರ್ ಬದಿಯ ಕ್ಯಾವಿಟಿಗಳಲ್ಲೇ (ಶ್ರುತಿಗೊಳಿಸಿದ ಟೊಳ್ಳು ಲೋಹದ ಫಿಲ್ಟರ್‌ಗಳಲ್ಲೇ) ತಡೆಯಬೇಕು.

ಕ್ಯಾವಿಟಿಯೊಳಗಿನ ಸರಳಿನ ಉದ್ದ, ಸರಳ ಲೆಕ್ಕದಲ್ಲಿ, ಕಾಲು ತರಂಗಾಂತರ. 155.340ಕ್ಕೆ 48.2 ಸೆಂಟಿಮೀಟರ್, 146.940ಕ್ಕೆ 51. ಈ ದೂರವನ್ನು ದಾಟುವುದು ದೊಡ್ಡದಲ್ಲ, ಸರಳು ಅಷ್ಟು ಚಾಚಿದರಾಯಿತು. ಆಮೇಲೆ ಎದುರಾಗುವುದು ಕೇಳುವ, ಮಾತಾಡುವ ಆವರ್ತನಗಳ ನಡುವಿನ 600 ಕಿಲೋಹರ್ಟ್ಸ್‌ನ ಅಂತರ: ಸರಳಿನ ಮೇಲೆ ಅದು ಸುಮಾರು ಎರಡೇ ಮಿಲಿಮೀಟರ್. ತಾಮ್ರದ ಸರಳು 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ 0.17 ಮಿಲಿಮೀಟರ್ ಹಿಗ್ಗಿ, ಶ್ರುತಿ 50 ಕಿಲೋಹರ್ಟ್ಸ್ ಕೆಳಗಿಳಿಯುತ್ತದೆ. ಅದಕ್ಕೇ ಒಳ್ಳೆಯ ಕ್ಯಾವಿಟಿಗಳಲ್ಲಿ ಶ್ರುತಿಯ ಸರಳನ್ನು ಇನ್ವಾರ್ ಎಂಬ ಕಬ್ಬಿಣ–ನಿಕ್ಕಲ್ ಮಿಶ್ರಲೋಹದಲ್ಲಿ ಮಾಡುತ್ತಾರೆ. ಅದು ಹಿಗ್ಗುವುದು ತಾಮ್ರದ ಹತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಇಷ್ಟಾದರೂ, ಮೇಜಿನ ಮೇಲೆ ತಣ್ಣಗಿದ್ದಾಗ ಹೊಂದಿಸಿದ ಶ್ರುತಿ ಪೂರ್ಣ ಪವರ್‌ನಲ್ಲಿ ಬಿಸಿಯಾದ ಮೇಲೂ ಜಾಗ ಬಿಟ್ಟಿಲ್ಲವೇ ಎಂದು ಅಳೆದು ನೋಡದೆ ಪೆಟ್ಟಿಗೆಯನ್ನು ಗುಡ್ಡಕ್ಕೆ ಹತ್ತಿಸಬಾರದು.